ಸೈನಿಕ ಟೊಪ್ಪಿಗೆಯ ಹಿತ್ತಾಳೆ ಫಲಕಗಳು

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಯುರೋಪಿನ ಕಾಲಾಳುಗಳು ಶಾಕೊ ಎಂಬ ಟೊಪ್ಪಿಗೆಯನ್ನು ಧರಿಸುತ್ತಿದ್ದರು. ಹಂಗೇರಿಯ ಸೈನಿಕರಿಂದ ಬಂದ, ಕೊಳವೆಯಂತೆ ನೆಟ್ಟಗೆ ನಿಲ್ಲುವ ಈ ಟೊಪ್ಪಿಗೆಯನ್ನು ಚರ್ಮದಿಂದಲೋ ಒತ್ತಿದ ಉಣ್ಣೆಯಿಂದಲೋ ಮಾಡುತ್ತಿದ್ದರು. ಇನ್ನೂರು ವರ್ಷಗಳಲ್ಲಿ ಉಣ್ಣೆಯನ್ನು ನುಸಿ ತಿಂದಿತು, ಚರ್ಮ ಬಿರಿದು ಪುಡಿಯಾಯಿತು. ಉಳಿದುದು ಬಹುಮಟ್ಟಿಗೆ ಲೋಹ ಮಾತ್ರ. ಹಣೆಯ ಮೇಲಣ ಫಲಕ, ಗಲ್ಲಪಟ್ಟಿಯ ಮೇಲೆ ಮೀನಿನ ಹುರುಪೆಗಳಂತೆ ಜೋಡಿಸಿದ ಬಿಲ್ಲೆಗಳು, ತುರಾಯಿ ಸಿಕ್ಕಿಸುವ ಕೊಳವೆ – ಇಂದು ಸಂಗ್ರಾಹಕರು ಅರಸುವುದು ಇವನ್ನೇ.

ಬ್ರಿಟಿಷ್ ಸೈನ್ಯವು ಶಾಕೊವನ್ನು 1800ರಲ್ಲಿ ಸ್ವೀಕರಿಸಿತು. ಅದರ ಹಿತ್ತಾಳೆ ಫಲಕವು ಸುಮಾರು ಆರು ಅಂಗುಲ ಎತ್ತರ, ನಾಲ್ಕು ಅಂಗುಲ ಅಗಲ. ನಡುವೆ ಗಾರ್ಟರ್ ಪಟ್ಟಿಯೊಳಗೆ ಮೂರನೆಯ ಜಾರ್ಜ್ ದೊರೆಯ ನಾಮಾಕ್ಷರ, ಮೇಲೆ ಕಿರೀಟ, ಕೆಳಗೆ ಸಿಂಹ, ಸುತ್ತಲೂ ಧ್ವಜಾಯುಧಗಳ ರಾಶಿ. ಫ್ರಾನ್ಸಿನ ಸಾಲುಪಡೆಗಳಿಗೆ ಶಾಕೊ ವಿಧಿಸಲ್ಪಟ್ಟುದು 1806ರಲ್ಲಿ. ಅಲ್ಲಿಯ ಫಲಕ ಮೊದಲು ವಜ್ರಾಕೃತಿಯದು. 1812ರ ನಿಯಮದಂತೆ ಕಿರೀಟಧಾರಿಯಾದ ಹದ್ದು, ಅದರ ಕೆಳಗಿನ ಪೀಠದಲ್ಲಿ ರೆಜಿಮೆಂಟಿನ ಸಂಖ್ಯೆ. ಮೇಲಿನ ಉಣ್ಣೆಯ ಕುಚ್ಚಿನ ಬಣ್ಣ ಕಂಪನಿಯನ್ನು ಸೂಚಿಸುತ್ತಿತ್ತು: ಮೊದಲನೆಯದಕ್ಕೆ ಕಡುಹಸಿರು, ಎರಡನೆಯದಕ್ಕೆ ತಿಳಿನೀಲಿ, ಮೂರನೆಯದಕ್ಕೆ ಕಿತ್ತಳೆ, ನಾಲ್ಕನೆಯದಕ್ಕೆ ನೇರಳೆ. ಇವುಗಳೊಡನೆ ಕಾಕೇಡ್ ಎಂಬ ಗುಂಡನೆಯ ಬಿಲ್ಲೆ. ರಾಜನಿಷ್ಠೆಯ ಗುರುತು ಅದು. 1814ರಲ್ಲಿ ನಪೋಲಿಯನ್ ಪದಚ್ಯುತನಾದಾಗ ಮೂರು ಬಣ್ಣದ ಕಾಕೇಡ್ ಹೋಗಿ ಬೂರ್ಬೋನರ ಬಿಳಿಯದು ಬಂತು. 1815ರ ವಸಂತದಲ್ಲಿ ಅವನು ಮರಳಿದಾಗ ಮತ್ತೆ ಮೂರು ಬಣ್ಣ. ವಾಟರ್ಲೂ ಯುದ್ಧದ ತರುವಾಯ ಮತ್ತೆ ಬಿಳಿ. ಒಂದೂವರೆ ವರ್ಷದೊಳಗೆ ಒಂದೇ ತಲೆಯ ಮೇಲಿನ ಗುರುತು ಮೂರು ಸಲ ಬದಲಾಯಿತು. ಒಳಗಿನ ಮನಸ್ಸು ಎಷ್ಟು ಸಲ ಬದಲಾಯಿತೋ!

ನುರಿತ ಸಂಗ್ರಾಹಕನು ಫಲಕದ ಮುಖಕ್ಕಿಂತ ಮೊದಲು ಅದರ ಬೆನ್ನನ್ನು ನೋಡುತ್ತಾನೆ. ಮೂಲ ಫಲಕಗಳು ತೆಳುವಾದ ತಗಡನ್ನು ಅಚ್ಚಿನಲ್ಲಿ ಒತ್ತಿ ತೆಗೆದವು. ಮುಂದೆ ಉಬ್ಬಿದುದೆಲ್ಲ ಹಿಂದೆ ಕುಳಿಯಾಗಿರಬೇಕು. ಟೊಪ್ಪಿಗೆಗೆ ಹೊಲಿಯಲು ಅಂಚಿನಲ್ಲಿ ರಂಧ್ರಗಳೋ ಬೆನ್ನಿನಲ್ಲಿ ತಂತಿಯ ಕುಣಿಕೆಗಳೋ ಇರುತ್ತವೆ. ಎರಕ ಹೊಯ್ದ ನಕಲು ದಪ್ಪವಾಗಿ, ತೂಕವಾಗಿ, ಗೆರೆಗಳು ಮಸುಕಾಗಿ ಇರುವುದರಿಂದ ಬೇಗ ಸಿಕ್ಕಿಬೀಳುತ್ತದೆ. ಹೊಸ ಅಚ್ಚಿನಲ್ಲಿ ಒತ್ತಿದ ನಕಲು ಮಾತ್ರ ಬಲ್ಲವರನ್ನೂ ಏಮಾರಿಸುತ್ತದೆ. ಫಲಕವನ್ನು ಫಳಫಳ ಹೊಳೆಯುವಂತೆ ಉಜ್ಜುವವರೂ ಉಂಟು. ಕಾಲ ಹಚ್ಚಿದ ಕಂದು ಪೊರೆಯೊಡನೆ ವಯಸ್ಸಿನ ಸಾಕ್ಷಿಯೂ ತೊಳೆದುಹೋಗುತ್ತದೆಂಬ ಅರಿವು ಅವರಿಗಿಲ್ಲ.

ಇದಕ್ಕಿಂತ ದೊಡ್ಡ ನಷ್ಟವೆಂದರೆ ವಸ್ತು ದೊರೆತ ಸ್ಥಳದ ವಿವರ ಕಳೆದುಹೋಗುವುದು. ಶಾಸನಶಿಲೆಯನ್ನು ಅದು ನಿಂತ ಹೊಲದಿಂದ ಕಿತ್ತು ತಂದರೆ ದತ್ತಿಭೂಮಿಯ ಎಲ್ಲೆಗಳನ್ನು ಗುರುತಿಸುವುದು ಹೇಗೆ ಕಷ್ಟವೋ ಇಲ್ಲಿಯೂ ಹಾಗೆಯೇ. 2001ರಲ್ಲಿ ಲಿಥುವೇನಿಯದ ವಿಲ್ನಿಯಸ್ ನಗರದಲ್ಲಿ, ಹಿಂದಿನ ಸೋವಿಯತ್ ಸೇನಾನೆಲೆಯ ನೆಲವನ್ನು ಅಗೆಯುವಾಗ ಸಾಮೂಹಿಕ ಸಮಾಧಿಯೊಂದು ತೆರೆದುಕೊಂಡಿತು. ಇಪ್ಪತ್ತನೆಯ ಶತಮಾನದ ಹತ್ಯೆಗಳಿಗೆ ಬಲಿಯಾದವರ ಮೂಳೆಗಳಿರಬಹುದೆಂಬ ಶಂಕೆ ಮೊದಲು ಹುಟ್ಟಿತು. ಅದನ್ನು ನಿವಾರಿಸಿದವು ನಪೋಲಿಯನ್ ಕಾಲದ ನಾಣ್ಯಗಳು ಮತ್ತು ರೆಜಿಮೆಂಟುಗಳ ಸಂಖ್ಯೆ ಹೊತ್ತ ಸಮವಸ್ತ್ರದ ಗುಂಡಿಗಳು. 1812ರ ಡಿಸೆಂಬರಿನಲ್ಲಿ ಮಾಸ್ಕೋದಿಂದ ಹಿಮ್ಮೆಟ್ಟುತ್ತ ಚಳಿ, ಹಸಿವು, ರೋಗಗಳಿಂದ ಸತ್ತ ಮೂರು ಸಾವಿರಕ್ಕೂ ಹೆಚ್ಚು ಮಂದಿ ಅಲ್ಲಿದ್ದರು. ಅವರಿಗೆ ಹೆಸರಿಲ್ಲ; ಇರುವುದು ಸಂಖ್ಯೆ. ಅದೇ ಸಂಖ್ಯೆಯ ಗುಂಡಿಯೋ ಟೊಪ್ಪಿಗೆಯ ಫಲಕವೋ ನೆಲದಿಂದ ಗುಟ್ಟಾಗಿ ಎದ್ದು ಹರಾಜಿಗೆ ಬಂದರೆ ಅದು ಬರಿಯ ಹಿತ್ತಾಳೆ.

ಹೆಸರು ಉಳಿದ ಉದಾಹರಣೆಯೂ ಒಂದಿದೆ. ರಷ್ಯಾದ ಪಾವ್ಲೊವ್ಸ್ಕಿ ರೆಜಿಮೆಂಟಿನ ಗ್ರೆನೇಡಿಯರರು ಮುಂಭಾಗವೆಲ್ಲ ಹಿತ್ತಾಳೆಯಿಂದ ಕೂಡಿದ ಎತ್ತರದ ಮೊನಚು ಟೊಪ್ಪಿಗೆ ಧರಿಸುತ್ತಿದ್ದರು. 1807ರ ಫ್ರೀಡ್‌ಲ್ಯಾಂಡ್ ಯುದ್ಧದಲ್ಲಿ ಆ ಫಲಕಗಳಿಗೆ ಗುಂಡುಗಳು ತೂರಿದ್ದವು. ಇತರ ಪಡೆಗಳು ಆ ಟೊಪ್ಪಿಗೆಯನ್ನು ಕೈಬಿಟ್ಟಿದ್ದರೂ, ಈ ರೆಜಿಮೆಂಟು ಅದನ್ನೇ, ತೂತುಗಳನ್ನು ಮುಚ್ಚದೆ, ಧರಿಸಬೇಕೆಂದು ಒಂದನೆಯ ಅಲೆಕ್ಸಾಂಡರ್ 1808ರಲ್ಲಿ ಆಜ್ಞಾಪಿಸಿದನು. ಯುದ್ಧದಲ್ಲಿ ಅದನ್ನು ಧರಿಸಿದ್ದವನ ಹೆಸರನ್ನು ಫಲಕದ ಮೇಲೆ ಕೊರೆಯಲಾಯಿತು. ನಮ್ಮ ಊರಬಾಗಿಲ ವೀರಗಲ್ಲಿನ ಕೆಲಸವನ್ನು ಅಲ್ಲಿ ಟೊಪ್ಪಿಗೆ ಮಾಡಿತು.

ಟೊಪ್ಪಿಗೆ ಗೌರವವಾದ ಕಥೆ ಇದು. ಅದು ಅವಮಾನವಾದ ಕಥೆಯೂ ಅದೇ ವರ್ಷಗಳದು, ನಮಗೆ ಹತ್ತಿರದ್ದು. ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೈನ್ಯವು 1805ರ ಕೊನೆಯಲ್ಲಿ ಸಿಪಾಯಿಗಳಿಗೆ ಹೊಸ ಬಗೆಯ ಪೇಟವನ್ನು ವಿಧಿಸಿತು. ಅದು ಪರಂಗಿಗಳ ಹ್ಯಾಟಿನಂತಿತ್ತು. ಅದರ ಮೇಲೆ ಚರ್ಮದ ಕಾಕೇಡ್. ಹಣೆಯ ನಾಮ, ವಿಭೂತಿ, ಕಿವಿಯ ಕಡಕುಗಳೂ ಕೂಡದೆಂಬ ನಿಯಮ ಬೇರೆ. ಚರ್ಮ ಹಸುವಿನದೋ ಹಂದಿಯದೋ ಎಂಬ ಶಂಕೆ ಹಿಂದೂಗಳನ್ನೂ ಮುಸ್ಲಿಮರನ್ನೂ ಒಂದೇ ತೆರನಾಗಿ ಕಾಡಿತು. ಪ್ರತಿಭಟಿಸಿದವರಿಗೆ ಚಾಟಿಯೇಟು ಬಿತ್ತು. 1806ರ ಜುಲೈ 10ರ ನಸುಕಿನಲ್ಲಿ, ಟಿಪ್ಪುವಿನ ಮಕ್ಕಳನ್ನು ಇರಿಸಿದ್ದ ವೇಲೂರು ಕೋಟೆಯಲ್ಲಿ ಸಿಪಾಯಿಗಳು ದಂಗೆಯೆದ್ದರು. ಆರ್ಕಾಟಿನಿಂದ ಧಾವಿಸಿದ ಕುದುರೆಪಡೆ ಅದೇ ದಿನ ದಂಗೆಯನ್ನಡಗಿಸಿತು. ನೂರಾರು ಸಿಪಾಯಿಗಳು ಹತರಾದರು. ಆಮೇಲೆ ಆಜ್ಞೆ ರದ್ದಾಯಿತು. ಟಿಪ್ಪುವಿನ ಮಕ್ಕಳನ್ನು ಕಲ್ಕತ್ತೆಗೆ ಸಾಗಿಸಲಾಯಿತು. ಗವರ್ನರ್ ಬೆಂಟಿಂಕನನ್ನೂ ಸೇನಾಪತಿ ಕ್ರಾಡಕ್‌ನನ್ನೂ ಇಂಗ್ಲೆಂಡಿಗೆ ಹಿಂದಕ್ಕೆ ಕರೆಸಿಕೊಳ್ಳಲಾಯಿತು. ಆ ಚರ್ಮದ ಬಿಲ್ಲೆ ಹಿತ್ತಾಳೆಯಂತೆ ಬಾಳಿಕೆಯದಲ್ಲ, ಸಂಗ್ರಾಹಕರ ತಟ್ಟೆಗೆ ಸುಲಭವಾಗಿ ಬರುವಂಥದೂ ಅಲ್ಲ. ಅದರ ಕಥೆಯನ್ನು ದಂಗೆಯ ನಂತರ ಕಂಪನಿ ನಡೆಸಿದ ವಿಚಾರಣೆಯ ಕಡತಗಳಲ್ಲಿ ಓದಬೇಕು.