ಜ್ಯೇಷ್ಠಮಧು: ಚೀನೀ ಸಾಂಪ್ರದಾಯಿಕ ವೈದ್ಯ ಪದ್ಧತಿಯಲ್ಲಿ ಇದರ ಉಪಯೋಗಗಳು ಹಾಗೂ ಬಳಕೆಯ ಮಿತಿಗಳು

ಪೀಠಿಕೆ

ಚೀನೀ ಸಾಂಪ್ರದಾಯಿಕ ವೈದ್ಯ ಪದ್ಧತಿಯ ಔಷಧಯೋಗಗಳಲ್ಲಿ ಅತಿ ಹೆಚ್ಚಾಗಿ ಕಂಡುಬರುವ ಮೂಲಿಕೆಗಳ ಪೈಕಿ ಜ್ಯೇಷ್ಠಮಧು ಪ್ರಮುಖವಾದುದು. ಕನ್ನಡದಲ್ಲಿ ಅತಿಮಧುರವೆಂದೂ ಸಂಸ್ಕೃತದಲ್ಲಿ ಯಷ್ಟಿಮಧುವೆಂದೂ ಕರೆಯಲ್ಪಡುವ ಈ ಬೇರಿಗೆ ಚೀನೀ ಭಾಷೆಯಲ್ಲಿ ‘ಗಾನ್‌ತ್ಸಾವ್’, ಅಂದರೆ ‘ಸಿಹಿ ಮೂಲಿಕೆ’ ಎಂಬ ಹೆಸರಿದೆ. ಸಿಹಿಯಾದ ಬೇರಿನಿಂದ ಯಾವ ಅಪಾಯವೂ ಇಲ್ಲವೆಂಬ ಭಾವನೆ ಜನರಲ್ಲಿ ಸಾಮಾನ್ಯವಾಗಿದೆ. ಆದರೆ ಇದನ್ನು ಸುಮಾರು ಎರಡು ಸಾವಿರ ವರ್ಷಗಳಿಂದ ಬಳಸುತ್ತಿರುವ ಪದ್ಧತಿಯೇ ಇದರ ಪ್ರಮಾಣ, ಅವಧಿ ಮತ್ತು ಸಂಯೋಜನೆಗೆ ಮಿತಿಗಳನ್ನು ವಿಧಿಸಿದೆ. ಸದರಿ ಉಪಯೋಗಗಳನ್ನೂ ಮಿತಿಗಳನ್ನೂ ಈ ಲೇಖನದಲ್ಲಿ ಸಂಕ್ಷಿಪ್ತವಾಗಿ ನೀಡಲಾಗಿದೆ.

ಸಸ್ಯ ಪರಿಚಯ

ಜ್ಯೇಷ್ಠಮಧು ದ್ವಿದಳ ಧಾನ್ಯಗಳ ಕುಟುಂಬಕ್ಕೆ ಸೇರಿದ ಬಹುವಾರ್ಷಿಕ ಸಸ್ಯ. ಚೀನೀ ಔಷಧಕೋಶವು ಇದರ ಮೂರು ಪ್ರಭೇದಗಳನ್ನು ಅಂಗೀಕರಿಸಿದೆ: ಗ್ಲಿಸಿರೈಝಾ ಯುರಾಲೆನ್ಸಿಸ್, ಗ್ಲಿಸಿರೈಝಾ ಇನ್‌ಫ್ಲೇಟಾ ಮತ್ತು ಗ್ಲಿಸಿರೈಝಾ ಗ್ಲಾಬ್ರಾ. ಆಯುರ್ವೇದದಲ್ಲಿ ಬಳಕೆಯಲ್ಲಿರುವುದು ಮುಖ್ಯವಾಗಿ ಮೂರನೆಯ ಪ್ರಭೇದ. ಚೀನಾ ದೇಶದ ಒಳ ಮಂಗೋಲಿಯಾ, ನಿಂಗ್‌ಷಿಯಾ, ಗಾನ್ಸು ಮತ್ತು ಷಿನ್‌ಜಿಯಾಂಗ್ ಪ್ರದೇಶಗಳ ಒಣ ಹುಲ್ಲುಗಾವಲುಗಳಲ್ಲಿಯೂ ಮರಳು ಮಿಶ್ರಿತ ನೆಲದಲ್ಲಿಯೂ ಈ ಸಸ್ಯ ಬೆಳೆಯುತ್ತದೆ. ಬೇರು ಮತ್ತು ಭೂಗತ ಕಾಂಡ ಇದರ ಉಪಯುಕ್ತ ಭಾಗಗಳು. ಇವುಗಳನ್ನು ವಸಂತ ಹಾಗೂ ಶರದೃತುಗಳಲ್ಲಿ ಅಗೆದು ತೆಗೆದು, ಒಣಗಿಸಿ, ಬಿಲ್ಲೆಗಳಾಗಿ ಕತ್ತರಿಸಲಾಗುತ್ತದೆ.

ಇತಿಹಾಸ

ಚೀನಾದ ಅತ್ಯಂತ ಹಳೆಯ ಔಷಧ ಗ್ರಂಥವಾದ ‘ಶೆನ್ನೊಂಗ್ ಬೆನ್‌ತ್ಸಾವ್ ಜಿಂಗ್’ ಜ್ಯೇಷ್ಠಮಧುವನ್ನು ಮೇಲ್ದರ್ಜೆಯ ಔಷಧಗಳ ಗುಂಪಿನಲ್ಲಿ ಸೇರಿಸಿದೆ. ಕ್ರಿ.ಶ. 200ರ ಸುಮಾರಿನಲ್ಲಿ ವೈದ್ಯ ಝಾಂಗ್ ಝೊಂಗ್‌ಜಿಂಗ್ ರಚಿಸಿದ ಜ್ವರಚಿಕಿತ್ಸಾ ಗ್ರಂಥ ‘ಶಾಂಗ್‌ಹಾನ್ ಲುನ್’ನಲ್ಲಿರುವ ನೂರಕ್ಕೂ ಹೆಚ್ಚು ಯೋಗಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಈ ಬೇರು ಇದೆ.

ಚೀನೀ ಪದ್ಧತಿಯಲ್ಲಿ ಒಂದು ಯೋಗದ ಮೂಲಿಕೆಗಳನ್ನು ರಾಜ, ಮಂತ್ರಿ, ಸಹಾಯಕ ಮತ್ತು ದೂತ ಎಂದು ನಾಲ್ಕು ಸ್ಥಾನಗಳಲ್ಲಿ ವಿಂಗಡಿಸುವ ಕ್ರಮವಿದೆ. ಜ್ಯೇಷ್ಠಮಧುವಿಗೆ ಹೆಚ್ಚಾಗಿ ದೊರೆಯುವುದು ಕೊನೆಯದಾದ ದೂತನ ಸ್ಥಾನ. ಹಾಗಿದ್ದರೂ ಇದಕ್ಕೆ ‘ರಾಷ್ಟ್ರದ ಹಿರಿಯ’ ಎಂಬ ಅರ್ಥದ ‘ಗುವೊಲಾವ್’ ಎಂಬ ಬಿರುದಿದೆ. ವಿದ್ವಾಂಸ ತಾವ್ ಹೊಂಗ್‌ಜಿಂಗ್ (456–536) ಇದನ್ನು ರಾಜಗುರುವಿಗೆ ಹೋಲಿಸಿರುವನು. ರಾಜಗುರು ತಾನು ರಾಜನಲ್ಲದಿದ್ದರೂ ರಾಜನಿಂದಲೇ ಗೌರವಿಸಲ್ಪಡುವಂತೆ, ಈ ಬೇರು ಇತರ ಮೂಲಿಕೆಗಳನ್ನು ಹೊಂದಿಸಿ ಅವುಗಳ ತೀಕ್ಷ್ಣತೆಯನ್ನು ಶಮನಗೊಳಿಸುತ್ತದೆ ಎಂಬುದು ಇದರ ತಾತ್ಪರ್ಯ.

ಗುಣ ಮತ್ತು ಸಂಸ್ಕರಣೆ

ಚೀನೀ ಪದ್ಧತಿಯ ಪ್ರಕಾರ ಇದರ ರುಚಿ ಸಿಹಿ. ಗುಣ ಉಷ್ಣವೂ ಅಲ್ಲದ ಶೀತವೂ ಅಲ್ಲದ ಸಮಸ್ಥಿತಿಯದು. ಹೃದಯ, ಶ್ವಾಸಕೋಶ, ಗುಲ್ಮ ಮತ್ತು ಜಠರದ ನಾಡಿಮಾರ್ಗಗಳನ್ನು ಇದು ಪ್ರವೇಶಿಸುತ್ತದೆ ಎಂದು ಹೇಳಲಾಗಿದೆ. ಇದನ್ನು ಎರಡು ರೂಪಗಳಲ್ಲಿ ಬಳಸಲಾಗುತ್ತದೆ.

1. ಹಸಿ ರೂಪ: ಹುರಿಯದೆ ಒಣಗಿಸಿದ ಬೇರು. ಗಂಟಲು ನೋವು, ಕೆಮ್ಮು, ಕುರು ಮತ್ತು ವಿಷಶಮನಕ್ಕೆ ಇದನ್ನು ಆರಿಸಿಕೊಳ್ಳಲಾಗುತ್ತದೆ.

2. ಜೇನಿನಲ್ಲಿ ಹುರಿದ ರೂಪ: 100 ಕಿಲೋಗ್ರಾಂ ಬೇರಿನ ಬಿಲ್ಲೆಗಳಿಗೆ 25 ಕಿಲೋಗ್ರಾಂ ಕಾಯಿಸಿದ ಜೇನುತುಪ್ಪವನ್ನು ಬೆರೆಸಿ, ಕೈಗೆ ಅಂಟದಂತಾಗುವವರೆಗೆ ಹುರಿಯಲಾಗುತ್ತದೆ. ನಿಶ್ಶಕ್ತಿ, ಜೀರ್ಣಶಕ್ತಿಯ ಕುಂದು ಮತ್ತು ಎದೆ ಬಡಿತದ ತೊಂದರೆಗಳಿಗೆ ಈ ರೂಪವು ಸೂಕ್ತವೆಂದು ಪರಿಗಣಿಸಲಾಗಿದೆ.

ಪ್ರಮುಖ ಉಪಯೋಗಗಳು

1. ಗಂಟಲು ನೋವು: ‘ಶಾಂಗ್‌ಹಾನ್ ಲುನ್’ ಗ್ರಂಥವು ಕೇವಲ ಹಸಿ ಜ್ಯೇಷ್ಠಮಧುವಿನ ಕಷಾಯವನ್ನು ಸೂಚಿಸುತ್ತದೆ. ಅದರಿಂದ ಗುಣವಾಗದಿದ್ದಲ್ಲಿ ಜಿಯೆಗೆಂಗ್ ಎಂಬ ಬೇರನ್ನು ಸೇರಿಸಬೇಕೆಂದು ತಿಳಿಸುತ್ತದೆ.

2. ಸ್ನಾಯು ಸೆಳೆತ: ಬಿಳಿ ಪಿಯೋನಿ ಬೇರು ಮತ್ತು ಹುರಿದ ಜ್ಯೇಷ್ಠಮಧುವನ್ನು ಸಮಪ್ರಮಾಣದಲ್ಲಿ ಸೇರಿಸಿ ಮಾಡುವ ಕಷಾಯವನ್ನು ಕಾಲಿನ ಸೆಳೆತಕ್ಕೆ ನೀಡಲಾಗುತ್ತದೆ. ಈ ಯೋಗವು ಜಪಾನಿನಲ್ಲಿಯೂ ಬಳಕೆಯಲ್ಲಿದೆ.

3. ಎದೆ ಬಡಿತ: ನಾಡಿ ತಪ್ಪಿ ತಪ್ಪಿ ಮಿಡಿಯುವಾಗ ನೀಡುವ ಯೋಗದಲ್ಲಿ ಹುರಿದ ಜ್ಯೇಷ್ಠಮಧು ಪ್ರಧಾನ ದ್ರವ್ಯವಾಗಿದ್ದು, ಯೋಗಕ್ಕೆ ಇದರದೇ ಹೆಸರಿದೆ.

4. ನಿಶ್ಶಕ್ತಿ ಮತ್ತು ಅಜೀರ್ಣ: ‘ನಾಲ್ವರು ಸಜ್ಜನರ ಕಷಾಯ’ವೆಂದು ಪ್ರಸಿದ್ಧವಾದ ಯೋಗದಲ್ಲಿ ಇದು ಜಿನ್‌ಸೆಂಗ್, ಬಾಯ್‌ಝು ಮತ್ತು ಫುಲಿಂಗ್‌ಗಳ ಜೊತೆಗೂಡುತ್ತದೆ.

5. ತೀಕ್ಷ್ಣ ಔಷಧಗಳ ಶಮನ: ವತ್ಸನಾಭಿಯ ಜಾತಿಗೆ ಸೇರಿದ ಸಂಸ್ಕರಿಸಿದ ಗೆಡ್ಡೆ, ಒಣಶುಂಠಿ ಮತ್ತು ಜ್ಯೇಷ್ಠಮಧು ಸೇರಿದ ಯೋಗವು ಇದಕ್ಕೆ ಉತ್ತಮ ನಿದರ್ಶನ. ಗೆಡ್ಡೆಯ ಉಗ್ರತೆಯನ್ನು ತಗ್ಗಿಸುವುದು ಇಲ್ಲಿ ಜ್ಯೇಷ್ಠಮಧುವಿನ ಕಾರ್ಯಗಳಲ್ಲೊಂದು.

ಸಾಂಪ್ರದಾಯಿಕ ನಿಷೇಧಗಳು

ಚೀನೀ ಪದ್ಧತಿಯಲ್ಲಿ ‘ಹದಿನೆಂಟು ವಿರೋಧಗಳು’ ಎಂಬ ಪಟ್ಟಿಯಿದ್ದು, ಒಂದಕ್ಕೊಂದು ಸೇರಬಾರದ ಮೂಲಿಕೆಗಳನ್ನು ಅದರಲ್ಲಿ ಹೆಸರಿಸಲಾಗಿದೆ. ಇದರಂತೆ ಜ್ಯೇಷ್ಠಮಧುವನ್ನು ಗಾನ್‌ಸುಯಿ, ದಾಜಿ, ಯುವಾನ್‌ಹುವಾ ಮತ್ತು ಹಾಯ್‌ಝಾವ್ ಎಂಬ ಕಡಲಪಾಚಿಯೊಡನೆ ಬಳಸತಕ್ಕದ್ದಲ್ಲ. ಇವುಗಳಲ್ಲಿ ಮೊದಲ ಮೂರೂ ದೇಹದ ನೀರನ್ನು ಬಲವಾಗಿ ಹೊರಹಾಕುವ ಔಷಧಗಳು. ಅಲ್ಲದೆ, ಮೈಯಲ್ಲಿ ನೀರು ತುಂಬಿ ಊತವಿರುವವರಿಗೂ ಹೊಟ್ಟೆ ಉಬ್ಬರವಿರುವವರಿಗೂ ಈ ಬೇರು ಸಲ್ಲದೆಂಬ ನಿಯಮವಿದೆ.

ಆಧುನಿಕ ಅಧ್ಯಯನಗಳು

ಊತದ ಕುರಿತಾದ ಈ ನಿಯಮಕ್ಕೆ ಆಧುನಿಕ ವಿಜ್ಞಾನದಲ್ಲಿ ವಿವರಣೆ ದೊರೆತಿದೆ. 1946ರಲ್ಲಿ ನೆದರ್ಲೆಂಡ್ಸ್ ದೇಶದ ವೈದ್ಯ ರೆವರ್ಸ್, ಜಠರದ ಹುಣ್ಣಿಗೆ ಜ್ಯೇಷ್ಠಮಧುವಿನ ಸಾರವು ಉಪಯುಕ್ತವೆಂದು ವರದಿ ಮಾಡಿದರು. ಆದರೆ ಅದನ್ನು ಸೇವಿಸಿದ ರೋಗಿಗಳಲ್ಲಿ ಕೆಲವರಿಗೆ ಊತ ಕಾಣಿಸಿಕೊಂಡಿತು.

ಬೇರಿನ ಸಿಹಿಗೆ ಕಾರಣವಾದ ಗ್ಲಿಸಿರೈಝಿನ್ ಎಂಬ ವಸ್ತುವೇ ಇದಕ್ಕೂ ಕಾರಣ. ಸಾಮಾನ್ಯವಾಗಿ ಮೂತ್ರಪಿಂಡದಲ್ಲಿರುವ ಒಂದು ಕಿಣ್ವವು ಕಾರ್ಟಿಸೋಲ್ ಎಂಬ ಹಾರ್ಮೋನನ್ನು ಅಲ್ಲಿ ನಿಷ್ಕ್ರಿಯಗೊಳಿಸುತ್ತದೆ. ಗ್ಲಿಸಿರೈಝಿನ್ ಕರುಳಿನಲ್ಲಿ ರೂಪಾಂತರ ಹೊಂದಿ ರಕ್ತವನ್ನು ಸೇರಿದ ಬಳಿಕ ಈ ಕಿಣ್ವವನ್ನು ತಡೆಯುತ್ತದೆ. ಆಗ ಕಾರ್ಟಿಸೋಲ್, ಉಪ್ಪು ಮತ್ತು ನೀರನ್ನು ಹಿಡಿದಿಡುವ ಅಲ್ಡೋಸ್ಟಿರೋನ್ ಹಾರ್ಮೋನಿನಂತೆ ವರ್ತಿಸತೊಡಗುತ್ತದೆ. ಪರಿಣಾಮವಾಗಿ ಸೋಡಿಯಂ ಮತ್ತು ನೀರು ದೇಹದಲ್ಲಿ ಉಳಿದು, ಪೊಟ್ಯಾಸಿಯಂ ಮೂತ್ರದ ಮೂಲಕ ನಷ್ಟವಾಗುತ್ತದೆ. ರಕ್ತದೊತ್ತಡ ಏರುವುದು, ಕಾಲು ಊದುವುದು, ಸ್ನಾಯುಗಳು ಬಲಗುಂದುವುದು ಇದರ ಲಕ್ಷಣಗಳು. ತೀವ್ರ ಪ್ರಕರಣಗಳಲ್ಲಿ ಹೃದಯದ ಲಯ ತಪ್ಪಿ ಪ್ರಾಣಾಪಾಯವೂ ಸಂಭವಿಸಬಹುದು. ಎದೆ ಬಡಿತಕ್ಕೂ ಸ್ನಾಯು ಸೆಳೆತಕ್ಕೂ ಔಷಧವಾಗಿರುವ ಬೇರೇ ಮಿತಿಮೀರಿದಾಗ ಹೃದಯಕ್ಕೂ ಸ್ನಾಯುವಿಗೂ ತೊಂದರೆಯನ್ನುಂಟುಮಾಡುವುದು ಗಮನಾರ್ಹ.

ಪ್ರಮಾಣ

ಚೀನೀ ಔಷಧಕೋಶವು ದಿನವೊಂದಕ್ಕೆ 2ರಿಂದ 10 ಗ್ರಾಂ ಬೇರನ್ನು ನಿಗದಿಪಡಿಸಿದೆ. ಬೇರಿನಲ್ಲಿ ಗ್ಲಿಸಿರೈಝಿಕ್ ಆಮ್ಲವು ಶೇಕಡ 2ಕ್ಕೆ ಕಡಿಮೆಯಿಲ್ಲದಂತೆ ಇರಬೇಕೆಂದೂ ಅದು ವಿಧಿಸುತ್ತದೆ. ಇನ್ನೊಂದೆಡೆ, ಐರೋಪ್ಯ ಒಕ್ಕೂಟದ ಆಹಾರ ವೈಜ್ಞಾನಿಕ ಸಮಿತಿಯು 2003ರಲ್ಲಿ, ನಿತ್ಯ ಸೇವನೆಯಲ್ಲಿ ಈ ಆಮ್ಲವು ದಿನಕ್ಕೆ 100 ಮಿಲಿಗ್ರಾಂ ಮೀರದಿರುವುದು ಸೂಕ್ತವೆಂದು ಅಭಿಪ್ರಾಯಪಟ್ಟಿತು. ಶೇಕಡ 2ರ ಲೆಕ್ಕದಲ್ಲಿ 5 ಗ್ರಾಂ ಬೇರಿನಲ್ಲಿಯೇ 100 ಮಿಲಿಗ್ರಾಂ ಇರುತ್ತದೆ; 10 ಗ್ರಾಂ ಬೇರಿನಲ್ಲಿ ಅದರ ಎರಡರಷ್ಟಿರುತ್ತದೆ. ಆಮ್ಲವು ಕಷಾಯಕ್ಕೆ ಪೂರ್ಣವಾಗಿ ಇಳಿಯದಿದ್ದರೂ, ವೈದ್ಯರು ಕೆಲವು ದಿನಗಳಿಗೆಂದು ಬರೆದುಕೊಟ್ಟ ಪ್ರಮಾಣವನ್ನು ತಿಂಗಳುಗಟ್ಟಲೆ ಮುಂದುವರಿಸುವುದು ಸುರಕ್ಷಿತವಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಸಂರಕ್ಷಣೆ

ಬೇಡಿಕೆ ಹೆಚ್ಚಿದಂತೆ ಕಾಡು ಜ್ಯೇಷ್ಠಮಧುವನ್ನು ಮಿತಿಮೀರಿ ಅಗೆದುದರಿಂದ ಚೀನಾದ ವಾಯವ್ಯ ಭಾಗದ ಹುಲ್ಲುಗಾವಲುಗಳು ಹಾಳಾಗಿ ಮರುಭೂಮೀಕರಣಕ್ಕೆ ಎಡೆಯಾಯಿತು. ಬೇರು ಆಳಕ್ಕಿಳಿಯುವುದರಿಂದ ಒಂದು ಗಿಡವನ್ನು ತೆಗೆಯಲು ಸುತ್ತಲಿನ ನೆಲವನ್ನೂ ಕೆದಕಬೇಕಾಗುತ್ತದೆ. ಜ್ಯೇಷ್ಠಮಧು ಮತ್ತು ಎಫೆಡ್ರಾ ಮೂಲಿಕೆಗಳ ಮನಬಂದಂತಹ ಅಗೆತವನ್ನು ತಡೆಯುವಂತೆ 2000ನೇ ಇಸವಿಯ ಜೂನ್ ತಿಂಗಳಿನಲ್ಲಿ ಚೀನಾ ಸರ್ಕಾರವು ಆದೇಶ ಹೊರಡಿಸಿತು.

ಸಾರ್ವಜನಿಕರ ಗಮನಕ್ಕೆ

ನಮ್ಮಲ್ಲಿಯೂ ಜ್ಯೇಷ್ಠಮಧುವಿನ ಬೇರು ಮತ್ತು ಪುಡಿ ಗ್ರಂಧಿಗೆ ಅಂಗಡಿಗಳಲ್ಲಿ ಸುಲಭವಾಗಿ ದೊರೆಯುವುದರಿಂದ ಕೆಳಕಂಡ ಅಂಶಗಳನ್ನು ಗಮನಿಸುವುದು ಅಗತ್ಯ.

1. ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿರುವವರು ಹಾಗೂ ಗರ್ಭಿಣಿಯರು ವೈದ್ಯರ ಸಲಹೆಯಿಲ್ಲದೆ ಇದನ್ನು ಔಷಧವಾಗಿ ಸೇವಿಸಬಾರದು.

2. ಮೂತ್ರ ಹೆಚ್ಚಿಸುವ ಮಾತ್ರೆ, ಡಿಗಾಕ್ಸಿನ್ ಅಥವಾ ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿರುವವರಲ್ಲಿ ಅಪಾಯ ಹೆಚ್ಚು. ಜ್ಯೇಷ್ಠಮಧು ಸೇವಿಸುತ್ತಿರುವ ವಿಷಯವನ್ನು ವೈದ್ಯರಿಗೆ ತಪ್ಪದೇ ತಿಳಿಸತಕ್ಕದ್ದು.

3. ಗುಲಗಂಜಿ ಬಳ್ಳಿಯ ಬೇರನ್ನು ಇದಕ್ಕೆ ಬದಲಿಯಾಗಿ ಬಳಸುವ ರೂಢಿಯಿದೆ. ಆದರೆ ಗುಲಗಂಜಿಯ ಬೀಜವು ಮಾರಕ ವಿಷವಾದುದರಿಂದ ಬಳ್ಳಿಯನ್ನು ಸ್ವತಃ ಕಿತ್ತು ತಂದು ಬಳಸಬಾರದು.

4. ಸೇವನೆಯ ಅವಧಿಯಲ್ಲಿ ಕಾಲು ಊತ, ತಲೆನೋವು, ನಿಶ್ಶಕ್ತಿ ಅಥವಾ ಎದೆ ಬಡಿತದಲ್ಲಿ ಏರುಪೇರು ಕಂಡುಬಂದಲ್ಲಿ ಕೂಡಲೇ ಸೇವನೆಯನ್ನು ನಿಲ್ಲಿಸಿ, ಸಮೀಪದ ಆಸ್ಪತ್ರೆಯಲ್ಲಿ ರಕ್ತದೊತ್ತಡ ಮತ್ತು ರಕ್ತದ ಪೊಟ್ಯಾಸಿಯಂ ಪ್ರಮಾಣವನ್ನು ಪರೀಕ್ಷಿಸಿಕೊಳ್ಳುವುದು.