ವಾಲ್‌ಪರೈಸೊ: ನೆಲ ಮೇಲೆದ್ದುದನ್ನು ಕಂಡಾಕೆ

ಬ್ರಿಟಿಷ್ ನೌಕಾಪಡೆಯ 'ಡೋರಿಸ್' ಹಡಗು 1822ರ ಏಪ್ರಿಲ್ ಕೊನೆಗೆ ಚಿಲಿ ದೇಶದ ವಾಲ್‌ಪರೈಸೊ ಬಂದರನ್ನು ತಲುಪಿದಾಗ ಅದರಲ್ಲಿ ಕಪ್ತಾನನ ಶವವಿತ್ತು. ಕಪ್ತಾನ ಥಾಮಸ್ ಗ್ರಹಾಂ ಕೇಪ್ ಹಾರ್ನ್ ಸುತ್ತುವ ದಾರಿಯಲ್ಲಿ ತೀರಿಕೊಂಡಿದ್ದ. ಗಂಡನನ್ನು ಆ ಊರಿನಲ್ಲೇ ಮಣ್ಣು ಮಾಡಿದ ಮರಿಯಾ ಗ್ರಹಾಂ ಸ್ವದೇಶಕ್ಕೆ ಮರಳಬಹುದಿತ್ತು. ಆದರೆ ಆಕೆ ಊರಿನ ಅಲ್ಮೆಂಡ್ರಾಲ್ ಎಂಬ ಭಾಗದಲ್ಲಿ ಚಿಕ್ಕ ಮನೆಯೊಂದನ್ನು ಬಾಡಿಗೆಗೆ ಹಿಡಿದು ಒಂಟಿಯಾಗಿ ನೆಲೆಸಿದಳು.

ಪರಊರು ಆಕೆಗೆ ಹೊಸದೇನಲ್ಲ. ಆಕೆ ಮದುವೆಯಾದದ್ದೇ 1809ರಲ್ಲಿ, ನಮ್ಮ ಮುಂಬಯಿಯಲ್ಲಿ. ಭಾರತದಲ್ಲಿ ಕಂಡದ್ದನ್ನು 1812ರಲ್ಲಿ ಪುಸ್ತಕವಾಗಿಯೂ ಪ್ರಕಟಿಸಿದ್ದಳು.

ವಾಲ್‌ಪರೈಸೊ ಕಡಲಿಗೂ ಗುಡ್ಡಗಳಿಗೂ ನಡುವೆ ಸಿಕ್ಕಿಕೊಂಡ ಊರು. ದಡದ ಸಮತಟ್ಟು ನೆಲ ಕಿರಿದು; ಅದರ ಬೆನ್ನಿಗೇ ನಲವತ್ತಕ್ಕೂ ಹೆಚ್ಚು ಗುಡ್ಡಗಳು, ನಡುನಡುವೆ ಕಡಿದಾದ ಕೊರಕಲುಗಳು. ಚಿಲಿ 1818ರಲ್ಲಿ ಸ್ಪೇನಿನಿಂದ ಸ್ವತಂತ್ರವಾದ ಬಳಿಕ ವಿದೇಶಿ ಹಡಗುಗಳು ಇಲ್ಲಿಗೆ ಧಾರಾಳವಾಗಿ ಬರತೊಡಗಿದ್ದವು. ಮರಿಯಾ ಕುದುರೆಯೇರಿ ಸುತ್ತಾಡಿದಳು, ಗಿಡಮರಗಳನ್ನು ಗುರುತು ಹಾಕಿಕೊಂಡಳು, ಕುಂಬಾರ ಹೆಂಗಸರು ಮಡಕೆ ಮಾಡುವುದನ್ನು ನೋಡಿದಳು. ದಿನಚರಿಯಲ್ಲಿ ಎಲ್ಲವನ್ನೂ ಬರೆದಿಟ್ಟಳು.

ಅದೇ ವರ್ಷದ ನವೆಂಬರ್ 19ರ ರಾತ್ರಿ ಭೂಮಿ ನಡುಗಿತು. ವಾಲ್‌ಪರೈಸೊ ಬಹುಪಾಲು ನೆಲಸಮವಾಯಿತು. ಆಗ ಮರಿಯಾ ಉತ್ತರಕ್ಕಿರುವ ಕಿಂತೆರೊ ಎಂಬಲ್ಲಿದ್ದಳು. ಅನಂತರ ಕಡಲ ದಡಕ್ಕೆ ಹೋಗಿ ನೋಡಿದರೆ, ನೀರಿನಡಿಯಲ್ಲಿರಬೇಕಿದ್ದ ಬಂಡೆಗಳು ಹೊರಗೆ ಬಂದಿವೆ. ಅವಕ್ಕೆ ಅಂಟಿಕೊಂಡ ಚಿಪ್ಪುಜೀವಿಗಳು ಸತ್ತು ನಾರುತ್ತಿವೆ. ಸಮುದ್ರ ಹಿಂದೆ ಸರಿದಿರಲಿಲ್ಲ, ನೆಲವೇ ಮೂರು ನಾಲ್ಕು ಅಡಿಯಷ್ಟು ಮೇಲೆದ್ದಿತ್ತು. ಇನ್ನೂ ಎತ್ತರದಲ್ಲಿ ಹಳೆಯ ದಡಗಳ ಗುರುತುಗಳಿದ್ದವು. ಹಿಂದೆಯೂ ಹೀಗೆಯೇ ಆಗಿರಬೇಕೆಂದು ಆಕೆ ಊಹಿಸಿದಳು.

ಈ ವರದಿ 1824ರಲ್ಲಿ ಲಂಡನ್ನಿನ ಜಿಯಾಲಜಿಕಲ್ ಸೊಸೈಟಿಯ ಸಂಪುಟದಲ್ಲಿ ಅಚ್ಚಾಯಿತು. ಪರ್ವತಗಳು ಒಮ್ಮೆಲೇ ಮಹಾಪ್ರಳಯದಿಂದ ಹುಟ್ಟಿದವೇ, ಇಂಥ ಸಣ್ಣ ಸಣ್ಣ ಏರಿಕೆಗಳು ಕೂಡಿ ಬೆಳೆದವೇ ಎಂಬುದು ಆಗಿನ ದೊಡ್ಡ ವಿವಾದ. ಎರಡನೆಯ ಮತವನ್ನು ಹಿಡಿದಿದ್ದ ಚಾರ್ಲ್ಸ್ ಲಯೆಲ್ 1830ರಲ್ಲಿ ತನ್ನ ಗ್ರಂಥದಲ್ಲಿ ಆಕೆಯ ಸಾಕ್ಷ್ಯವನ್ನು ಬಳಸಿಕೊಂಡ. ಇದಕ್ಕೆ ಒಪ್ಪದ ಸೊಸೈಟಿಯ ಅಧ್ಯಕ್ಷ ಗ್ರೀನೊ, ಆಕೆಯ ಮಾತು ನಂಬಲರ್ಹವಲ್ಲವೆಂದು 1834ರಲ್ಲಿ ಬಹಿರಂಗವಾಗಿ ಸಾರಿದ. ಸಿಟ್ಟಿಗೆದ್ದ ಆಕೆಯ ಎರಡನೆಯ ಪತಿಯೂ ಸೋದರನೂ ಅವನೊಡನೆ ದ್ವಂದ್ವಯುದ್ಧಕ್ಕೇ ಸಿದ್ಧರಾದರಂತೆ. ಮರಿಯಾ ಅವರನ್ನು ಸುಮ್ಮನಿರಿಸಿ, ಲೇಖನಿಯಿಂದಲೇ ಉತ್ತರ ಕೊಟ್ಟಳು.

ಮರುವರ್ಷ ಫೆಬ್ರವರಿ 20ರಂದು ಚಿಲಿಯ ಕನ್ಸೆಪ್ಸಿಯಾನ್ ಭೂಕಂಪಕ್ಕೆ ಈಡಾಯಿತು. ಆಗ ಚಿಲಿಯಲ್ಲಿದ್ದ ಚಾರ್ಲ್ಸ್ ಡಾರ್ವಿನ್, ಅಲ್ಲಿಯೂ ನೆಲ ಮೇಲೆದ್ದುದನ್ನು ಕಂಡ. ಮರಿಯಾ ಹೇಳಿದ್ದು ನಿಜವಾಗಿತ್ತು. ಪೆಸಿಫಿಕ್ ಸಾಗರದಡಿಯ ನಾಸ್ಕಾ ಫಲಕ ದಕ್ಷಿಣ ಅಮೆರಿಕದ ಫಲಕದಡಿಗೆ ನುಗ್ಗುತ್ತಿರುವುದೇ ಇದಕ್ಕೆ ಕಾರಣವೆಂದು ಇಂದು ನಮಗೆ ಗೊತ್ತಿದೆ. ಆಕೆಗೆ ಅದು ಗೊತ್ತಿರಲಿಲ್ಲ. ಕಂಡದ್ದನ್ನು ಕಂಡಂತೆ ಬರೆದಿದ್ದಳು, ಅಷ್ಟೆ.

ಊರು ಆಮೇಲೆಯೂ ಬಿದ್ದು ಎದ್ದಿದೆ. 1906ರಲ್ಲಿ ಮತ್ತೊಂದು ಭೂಕಂಪ ಅದನ್ನು ಕೆಡವಿತು. 1914ರಲ್ಲಿ ಪನಾಮಾ ಕಾಲುವೆ ತೆರೆದಾಗ ಹಡಗುಗಳೇ ದಾರಿ ಬದಲಿಸಿದವು. ಆದರೂ 1883ರಿಂದ ಗುಡ್ಡಗಳಿಗೆ ಜನರನ್ನು ಏರಿಸತೊಡಗಿದ, ಹಳಿಯ ಮೇಲೆ ಹಗ್ಗದಿಂದೆಳೆಯುವ ಗಾಡಿಗಳಲ್ಲಿ ಕೆಲವು ಇಂದಿಗೂ ಉಳಿದಿವೆ. 2003ರಲ್ಲಿ ಯುನೆಸ್ಕೊ ಹಳೆಯ ಬಂದರುನಗರವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಂದು ಒಬ್ಬಂಟಿಯಾಗಿ ಆ ಮೆಟ್ಟಿಲುಗಳನ್ನು ಹತ್ತುವ ಪ್ರವಾಸಿಗೆ ಕೆಳಗಿನ ಕಡಲು ಚೆಂದದ ನೋಟ. ತಾನು ನಿಂತ ನೆಲವೂ ಗಟ್ಟಿಯಲ್ಲವೆಂದು ಇಲ್ಲಿ ಕಂಡುಕೊಂಡ ಹೆಣ್ಣೊಬ್ಬಳು, ಕಂಡದ್ದನ್ನು ಬಿಟ್ಟುಕೊಡದೆ ಗಟ್ಟಿಯಾಗಿ ನಿಂತಳೆಂಬುದನ್ನೂ ಅಲ್ಲಿ ನೆನೆಯಬಹುದು.