ಪಾಲೆಂ ಬಸ್ ದುರಂತ: ಡಿಕ್ಕಿಗೆ ಕಾರಣ, ಬೆಂಕಿಗೆ ಕಾರಣ

2013ರ ಅಕ್ಟೋಬರ್ 30ರ ನಸುಕಿನಲ್ಲಿ, ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ವೋಲ್ವೊ ಬಸ್ಸೊಂದು ಅಂದಿನ ಆಂಧ್ರಪ್ರದೇಶದ ಮಹಬೂಬ್‌ನಗರ ಜಿಲ್ಲೆಯ ಪಾಲೆಂ ಬಳಿ ಮೋರಿಯ ಕಟ್ಟೆಗೆ ಬಡಿಯಿತು. ಡೀಸೆಲ್ ಟ್ಯಾಂಕು ಒಡೆದು ಬೆಂಕಿ ಹೊತ್ತಿತು. 45 ಮಂದಿ ಸುಟ್ಟು ಸತ್ತರು. ದೇಹಗಳ ಗುರುತಿಗೆ ಡಿಎನ್‌ಎ ಪರೀಕ್ಷೆ ಬೇಕಾಯಿತು.

ತನಿಖೆ ರಾಜ್ಯ ಪೊಲೀಸರ ಸಿಐಡಿ ವಿಭಾಗಕ್ಕೆ ಹೋಯಿತು. ರಸ್ತೆ ಅಪಘಾತದ ತನಿಖೆ ಎಷ್ಟೋ ಸಲ 'ಚಾಲಕನ ಅತಿವೇಗ, ಅಜಾಗರೂಕತೆ' ಎಂಬಲ್ಲಿಗೆ ಮುಗಿಯುತ್ತದೆ. ಇಲ್ಲಿ ಸಿಐಡಿ ಮೋರಿಯ ರಚನೆಯನ್ನೂ ಬಸ್ಸಿನ ವಿನ್ಯಾಸವನ್ನೂ ಪ್ರಶ್ನಿಸಿತು. ತಮ್ಮ ಬಸ್ಸುಗಳು ಸುರಕ್ಷತಾ ನಿಯಮಗಳಿಗೆ ಅನುಗುಣವಾಗಿವೆ ಎಂದು ತಯಾರಕರು ವಾದಿಸಿದರು. ವಿವಾದ ಬೆಳೆಯಿತು.

ಈ ವಿವಾದವನ್ನು ಭೌತವಿಜ್ಞಾನದ ಕಣ್ಣಿನಿಂದ ನೋಡೋಣ. ಚಲನಶಕ್ತಿ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ದಾಂಡೇಲಿಯಿಂದ ಉಳವಿಗೆ ಕಾಡಿನ ತಿರುವುಗಳಲ್ಲಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಸಾಗುವ ಬಸ್ಸು ಹೆದ್ದಾರಿಯಲ್ಲಿ 90 ಕಿ.ಮೀ. ವೇಗ ಪಡೆದರೆ ಅದರ ಚಲನಶಕ್ತಿ ಒಂಬತ್ತು ಪಟ್ಟಾಗುತ್ತದೆ. ಬಸ್ಸಿನ ರಾಶಿ 15 ಟನ್ ಎಂದುಕೊಳ್ಳಿ. ಆಗ ಈ ಶಕ್ತಿ ಸುಮಾರು 47 ಲಕ್ಷ ಜೂಲ್. ಆದರೆ ಒಂದೇ ಒಂದು ಲೀಟರ್ ಡೀಸೆಲ್ ಉರಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 360 ಲಕ್ಷ ಜೂಲ್!

ಅಂದರೆ ಇಲ್ಲಿರುವುದು ಎರಡು ಪ್ರಶ್ನೆಗಳು. ಬಸ್ಸು ಕಟ್ಟೆಗೆ ಬಡಿದದ್ದೇಕೆ ಎಂಬುದು ಮೊದಲನೆಯದು. ಇದಕ್ಕೆ ಉತ್ತರವನ್ನು ವೇಗ, ಚಾಲಕ, ರಸ್ತೆಗಳಲ್ಲಿ ಹುಡುಕಬೇಕು. ಬಡಿದ ಮೇಲೆ ಇಷ್ಟು ಜನ ಸತ್ತದ್ದೇಕೆ ಎಂಬುದು ಎರಡನೆಯದು. ಡೀಸೆಲ್ ಪೆಟ್ರೋಲಿನಷ್ಟು ಸುಲಭವಾಗಿ ಹೊತ್ತಿಕೊಳ್ಳದು, ನಿಜ. ಆದರೆ ಒಡೆದ ಟ್ಯಾಂಕಿನಿಂದ ತುಂತುರಾಗಿ ಚಿಮ್ಮಿದಾಗ ಕಿಡಿಯೊಂದೇ ಸಾಕು. ಹಾಗಾಗಿ ಟ್ಯಾಂಕು ಎಲ್ಲಿದೆ, ಅದಕ್ಕೆ ರಕ್ಷಣೆ ಏನು, ಒಳಗಿನ ಸಾಮಗ್ರಿ ಎಷ್ಟು ಬೇಗ ಉರಿಯುತ್ತದೆ, ಹೊರಬರಲು ದಾರಿ ಎಷ್ಟು ಎಂಬುದನ್ನು ಪರಿಶೀಲಿಸಬೇಕಾಗುತ್ತದೆ. ಮೊದಲ ಪ್ರಶ್ನೆಯ ಉತ್ತರ ಎರಡನೆಯದಕ್ಕೆ ಉತ್ತರವಾಗಲಾರದು. ಚಾಲಕ ತಪ್ಪಿತಸ್ಥನೆಂದು ಸಾಬೀತಾದರೂ ಎರಡನೆಯ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಪಾಲೆಂ ದುರಂತವಾಗಿ ಹದಿನೈದೇ ದಿನಗಳಲ್ಲಿ, 2013ರ ನವೆಂಬರ್ 14ರಂದು, ಬೆಂಗಳೂರಿನಿಂದ ಮುಂಬಯಿಗೆ ಹೊರಟಿದ್ದ ಬಸ್ಸು ನಮ್ಮ ಹಾವೇರಿ ಜಿಲ್ಲೆಯಲ್ಲಿ ಅಪಘಾತಕ್ಕೀಡಾಗಿ ಹೊತ್ತಿ ಉರಿದು 7 ಮಂದಿ ಸತ್ತರು. 2022ರಲ್ಲಿ ಕೇಂದ್ರ ಸರ್ಕಾರ ದೂರಪ್ರಯಾಣದ ಬಸ್ಸುಗಳ ಪ್ರಯಾಣಿಕರ ವಿಭಾಗದಲ್ಲಿ ಬೆಂಕಿ ಎಚ್ಚರಿಕೆ ಹಾಗೂ ರಕ್ಷಣಾ ವ್ಯವಸ್ಥೆಯ ಬಗ್ಗೆ ನಿಯಮ ಹೊರಡಿಸಿತು. ಆದರೂ 2025ರ ಅಕ್ಟೋಬರ್ 24ರಂದು ಅದೇ ಹೈದರಾಬಾದ್–ಬೆಂಗಳೂರು ಹೆದ್ದಾರಿಯಲ್ಲಿ, ಕರ್ನೂಲಿನ ಬಳಿ, ಮತ್ತೊಂದು ಬಸ್ಸು ಪ್ರಯಾಣಿಕರೊಡನೆ ಸುಟ್ಟುಹೋಯಿತು.

ತಪ್ಪಿತಸ್ಥರನ್ನು ಗುರುತಿಸುವುದು ನ್ಯಾಯಾಲಯದ ಕೆಲಸ. ಮುಂದಿನ ಬಸ್ಸಿನಲ್ಲಿ ಕುಳಿತವರು ಉಳಿಯಬೇಕಾದರೆ ಎರಡನೆಯ ಪ್ರಶ್ನೆಗೂ ಪ್ರತಿ ತನಿಖೆಯಲ್ಲಿ ಉತ್ತರ ಸಿಗಬೇಕು.